ಮಗ್ಗುಲು ಬದಲಿಸಲಾಗದ ಹೊತ್ತು: ಶಸ್ತ್ರಚಿಕಿತ್ಸೆ, ಒತ್ತಡದ ಹುಣ್ಣು ಮತ್ತು ಆರೈಕೆಯ ಅರಿವು

ಜನಪದ ವೈದ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆ, ಮಂತ್ರ ಹಾಗೂ ಸೂಲಗಿತ್ತಿಯರ ಸುತ್ತ ನಡೆದಿವೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯ ಹೆಂಗಸರ ತಿಳಿವಳಿಕೆ ಅಷ್ಟಾಗಿ ಗಮನ ಸೆಳೆದಿಲ್ಲ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಮೆತ್ತಗಾದ ಹಳೆಯ ಸೀರೆಯನ್ನು ಸುಕ್ಕಿಲ್ಲದಂತೆ ಹಾಸುವುದು, ಮೈಯಡಿಯಲ್ಲಿ ತೇವ ನಿಲ್ಲದಂತೆ ನೋಡಿಕೊಳ್ಳುವುದು ಇದರ ಮುಖ್ಯ ಅಂಶಗಳು. ಈ ಅರಿವು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕ ಮಾಂಸಕ್ಕೆ ಬಹಳ ಹೊತ್ತು ರಕ್ತ ಹರಿಯದಿದ್ದರೆ ಅದು ಒಳಗಿನಿಂದಲೇ ಸಾಯತೊಡಗುತ್ತದೆ. ಇಂಥ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿಯೇ ಹೇಳಿದ್ದಳು. ಚರ್ಮ ಒಡೆಯದೆಯೂ ಒಳಗೆ ಹಾನಿಯಾಗಬಹುದಾದ ಕಾರಣ ಅಮೆರಿಕದ ತಜ್ಞರ ಸಲಹಾ ಮಂಡಳಿ 2016ರಲ್ಲಿ ಇದನ್ನು ‘ಒತ್ತಡದ ಹುಣ್ಣು’ ಎನ್ನುವ ಬದಲು ‘ಒತ್ತಡದ ಗಾಯ’ ಎಂದು ಕರೆಯಿತು.

ನಿದ್ರಿಸುವವನು ಮೈ ಜೋಮು ಹಿಡಿದಾಗ ತಾನಾಗಿಯೇ ಹೊರಳುತ್ತಾನೆ. ಅರಿವಳಿಕೆ ಪಡೆದವನಿಗೆ ನೋವೂ ತಿಳಿಯದು, ಹೊರಳಲೂ ಆಗದು. ಶಸ್ತ್ರಕ್ರಿಯೆಯ ನಡುವೆ ಇತರರು ಅವನನ್ನು ಹೊರಳಿಸುವುದೂ ಸಾಮಾನ್ಯವಾಗಿ ಸಾಧ್ಯವಿಲ್ಲ. ಆದ್ದರಿಂದ ಮನೆಯಲ್ಲಿ ದಿನವಿಡೀ ನಡೆಯುವ ಆರೈಕೆಯನ್ನು ದಾದಿ ಇಲ್ಲಿ ಮುಂಚಿತವಾಗಿಯೇ ಮಾಡಿ ಮುಗಿಸಬೇಕಾಗುತ್ತದೆ. ಅಂಗಾತ ಮಲಗಿಸಿದಾಗ ಹಿಂದಲೆ, ಮೊಣಕೈ, ಸೊಂಟದ ಕೆಳಗಿನ ಎಲುಬು, ಹಿಮ್ಮಡಿಗಳಿಗೆ ಅಪಾಯ. ಬೋರಲು ಮಲಗಿಸಿದಾಗ ಹಣೆ, ಗಲ್ಲ, ಮೊಣಕಾಲು, ಕಾಲ್ಬೆರಳುಗಳಿಗೆ ಅಪಾಯ. ಒತ್ತಡವನ್ನು ಹಂಚುವ ಜೆಲ್ ಅಥವಾ ಫೋಮ್ ದಿಂಬು ಇಡುವುದು, ರೋಗಿಯನ್ನು ಎಳೆಯದೆ ಎತ್ತಿ ಸರಿಸುವುದು, ಚರ್ಮ ಶುಚಿಗೊಳಿಸಿದ ದ್ರಾವಣ ಬೆನ್ನಡಿಗೆ ಹರಿದು ನಿಲ್ಲದಂತೆ ತಡೆಯುವುದು, ನಳಿಕೆ, ತಂತಿಗಳು ಮೈಯಡಿಗೆ ಸಿಲುಕದಂತೆ ನೋಡುವುದು ದಾದಿಯ ಕರ್ತವ್ಯಗಳಾಗಿವೆ. ಶಸ್ತ್ರಕ್ರಿಯೆ ಮೂರು ಗಂಟೆ ಮೀರಿದಂತೆ ಈ ಎಚ್ಚರ ಇನ್ನಷ್ಟು ಅಗತ್ಯವಾಗುತ್ತದೆ.

ಮನೆಯ ಅರಿವೆಲ್ಲವೂ ಇಲ್ಲಿ ಸಲ್ಲುವುದಿಲ್ಲ. ಕೊಡ ಹೊರುವಾಗ ತಲೆಯ ಮೇಲೆ ಇಡುವ ಸಿಂಬೆ ಇದಕ್ಕೆ ಉತ್ತಮ ನಿದರ್ಶನ. ಅದರಂತೆ ಬಟ್ಟೆಯನ್ನು ಸುತ್ತಿ ರೋಗಿಯ ಹಿಮ್ಮಡಿಗೋ ಪೃಷ್ಠಕ್ಕೋ ಆಸರೆ ಕೊಟ್ಟರೆ ನಡುಭಾಗ ಹಗುರಾದಂತೆ ಕಂಡರೂ ಸುತ್ತಲಿನ ಅಂಚು ರಕ್ತದ ಹರಿವನ್ನು ತಡೆಯುತ್ತದೆ. ಇದಕ್ಕೆ ಬದಲಾಗಿ ಮೀನಖಂಡದ ಉದ್ದಕ್ಕೂ ಆಸರೆ ಕೊಟ್ಟು, ಮೊಣಕಾಲನ್ನು ಕೊಂಚ ಮಡಿಸಿ, ಹಿಮ್ಮಡಿ ಯಾವುದನ್ನೂ ತಾಗದಂತೆ ಇಡಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದೂ ನೊಂದ ಮಾಂಸಕ್ಕೆ ಮತ್ತಷ್ಟು ಹಾನಿ ಮಾಡುತ್ತದೆ.

ತಮಿಳುನಾಡಿನ ಗಡಿಯಲ್ಲಿರುವ ಪಾಲಾರ್ ಹಾಗೂ ಮಲೆಮಹದೇಶ್ವರ ಬೆಟ್ಟದ ಸಾಲಿನ ಪೋಡುಗಳಿಂದ ಬರುವ ರೋಗಿ ಘಟ್ಟದ ದಾರಿ ಕ್ರಮಿಸಿ ಕೊಳ್ಳೇಗಾಲ ಸೇರಬೇಕು; ದೊಡ್ಡ ಶಸ್ತ್ರಕ್ರಿಯೆಯಾದರೆ ಅಲ್ಲಿಂದಲೂ ಮುಂದೆ ಹೋಗಬೇಕು. ವಾಹನದಲ್ಲಿ ಅಲುಗಾಡದೆ ಮಲಗಿದ ಹೊತ್ತೂ ಒತ್ತಡದ ಲೆಕ್ಕಕ್ಕೆ ಸೇರುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಆರೋಗ್ಯಸೇವೆಗೆ ಹೆಸರಾದುದು. ಈ ಸಮುದಾಯದಲ್ಲಿ ಕುಡಗೋಲು ಕಣ ರಕ್ತಹೀನತೆ ಇರುವುದು ದಾಖಲಾಗಿದೆ. ರಕ್ತಹೀನತೆ ಇದ್ದಲ್ಲಿ ಒತ್ತಡಕ್ಕೊಳಗಾದ ಮಾಂಸ ಬೇಗ ಸೋಲುತ್ತದೆ. ಬಿಳಿಯ ಚರ್ಮದ ಮೇಲೆ ಕಾಣುವ ಕೆಂಪು ಗುರುತು ಕಪ್ಪು ಮೈಬಣ್ಣದಲ್ಲಿ ಕಣ್ಣಿಗೆ ಬೀಳದಿರಬಹುದು. ಅಂಥಲ್ಲಿ ಸುತ್ತಲಿನ ಚರ್ಮದೊಡನೆ ಹೋಲಿಸಿ ಬಿಸಿ, ಗಡಸು, ನೋವುಗಳನ್ನು ಕೈಯಿಂದ ಮುಟ್ಟಿ ತಿಳಿಯಬೇಕು.

ಇನ್ನೂ ಗಂಭೀರವಾದುದು ಕಾಲದ ಪ್ರಶ್ನೆ. ಆಳದಲ್ಲಿ ಆದ ಗಾಯ ಹೊರಗೆ ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕಾಗಬಹುದು. ಅಷ್ಟರಲ್ಲಿ ರೋಗಿ ವಾರ್ಡಿಗೋ ಮನೆಗೋ ಸೇರಿರುತ್ತಾನೆ. ಅದನ್ನು ಮೊದಲು ಕಾಣುವವಳು ದಾದಿಯಲ್ಲ, ಮೈ ಒರೆಸುವ ತಾಯಿಯೋ ಹೆಂಡತಿಯೋ ಆಗಿರಬಹುದು. ಕಪ್ಪಿಟ್ಟ ಆ ಜಾಗವನ್ನು ಮೂಗೇಟೆಂದೋ ಸುಟ್ಟ ಗಾಯವೆಂದೋ ಭಾವಿಸಿ ಸುಮ್ಮನಾಗುವ ಸಂಭವವಿದೆ. ಎಲ್ಲಿ ನೋಡಬೇಕು, ಏನನ್ನು ಮುಟ್ಟಿ ತಿಳಿಯಬೇಕು, ಯಾವುದನ್ನು ತಿಕ್ಕಬಾರದು ಎಂಬುದನ್ನು ಅವರ ಆಡುಮಾತಿನಲ್ಲಿಯೇ ತಿಳಿಸಿ ಕಳುಹಿಸಿದಾಗ ಮಾತ್ರ ದಾದಿಯ ಆರೈಕೆ ಪೂರ್ಣವಾಗುತ್ತದೆ. ಮಗ್ಗುಲು ಬದಲಿಸಬೇಕೆಂಬ ಅರಿವು ಆ ಮನೆಗಳಲ್ಲಿ ಮೊದಲೇ ಇದೆ. ಆಸ್ಪತ್ರೆಯ ತಿಳಿವಳಿಕೆ ಅದನ್ನು ತಿದ್ದಿ, ಅದರೊಡನೆ ಕೂಡಿಕೊಳ್ಳಬೇಕಾಗಿದೆ.