ಮದುವೆಗೆ ಮುನ್ನ ಒಂದು ವಿಷಾದಹಾಸ್ಯ

'ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕೇಳಿದೊಡನೆ ನಗುತ್ತೇವೆ. ಆದರೆ ಆ ಗಾದೆಯೊಳಗೆ ಸಿಕ್ಕಿಕೊಂಡಿರುವ ಮನುಷ್ಯನ ಪಾಡನ್ನು ಅರೆಗಳಿಗೆ ಯೋಚಿಸಿದರೆ ನಗೆ ಗಂಟಲಲ್ಲೇ ನಿಲ್ಲುತ್ತದೆ. ಹಿಂದಕ್ಕೆ ಹೋಗಲಾರ, ಮುಂದಕ್ಕೆ ಬರಲಾರ. ನಡುಮನೆಯಲ್ಲಿ ನಿಂತುಬಿಟ್ಟಿದ್ದಾನೆ ಪಾಪ! ಇಂತಹ ಸ್ಥಿತಿಯಿಂದ ಹುಟ್ಟುವ ನಗೆಯನ್ನು ಪಾಶ್ಚಾತ್ಯರು 'ಬ್ಲ್ಯಾಕ್ ಕಾಮಿಡಿ' ಎನ್ನುತ್ತಾರೆ. ನಾವು ಅದನ್ನು ವಿಷಾದಹಾಸ್ಯವೆಂದು ಕರೆಯೋಣ.

ಮದುವೆಗೂ ವಿಷಾದಹಾಸ್ಯಕ್ಕೂ ನಮ್ಮಲ್ಲಿ ಹಳೆಯ ನಂಟು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ವಿದ್ವಾಂಸರು ಗುರುತಿಸುವ ಕೃತಿ, ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'. 1887ರಷ್ಟು ಹಿಂದೆಯೇ ಪ್ರಕಟವಾದ ಈ ಪ್ರಹಸನದ ವಸ್ತು, ಹಣ ತೆತ್ತು ಎಳೆಯ ಕನ್ಯೆಯನ್ನು ಕೊಳ್ಳುವ ಪದ್ಧತಿ. ಮುದಿ ವರನನ್ನು ಕಂಡು ಓದುಗ ನಗುತ್ತಾನೆ. ಆ ಹುಡುಗಿಯ ಗತಿಯನ್ನು ನೆನೆದು ನಗೆ ಅಡಗುತ್ತದೆ.

ಬೆಳ್ಳಿತೆರೆ ಬಂದ ಮೇಲೆ ಬಹುಕಾಲ ಈ ಕಹಿ ಕಾಣೆಯಾಯಿತು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ಚಿತ್ರದ ಹೆಸರೇ 'ಮದುವೆ ಮಾಡಿ ನೋಡು'. ಆ ಕಾಲದ ಚಿತ್ರಗಳಲ್ಲಿ ಸಾಮಾನ್ಯವಾಗಿ ಮದುವೆಗೆ ಅಡ್ಡಿ ಹೊರಗಿನಿಂದ ಬರುತ್ತಿತ್ತು: ಹಟಮಾರಿ ತಂದೆ, ವರದಕ್ಷಿಣೆಯಾಸೆಯ ಬೀಗರು, ಇಲ್ಲವೇ ಒಬ್ಬ ಖಳನಾಯಕ. ಅಡ್ಡಿ ಸರಿದೊಡನೆ ಓಲಗ ಊದಿಸಿ ಪ್ರೇಕ್ಷಕರನ್ನು ಮನೆಗೆ ಕಳಿಸುತ್ತಿದ್ದರು. ನಾಯಕನು ಕನ್ನಡಿಯ ಮುಂದೆ ನಿಂತು 'ನಾನು ಯಾರಿಗೆ ಬೇಕಾದವನು?' ಎಂದು ಕೇಳಿಕೊಳ್ಳುವ ಪ್ರಸಂಗ ಒದಗುತ್ತಿದ್ದುದು ಅಪರೂಪ.

ಆ ಪ್ರಶ್ನೆಯನ್ನೇ ಚಿತ್ರದ ನಡುವಿಗೆ ತಂದಿಟ್ಟದ್ದು 2017ರ ಜುಲೈನಲ್ಲಿ ತೆರೆ ಕಂಡ 'ಒಂದು ಮೊಟ್ಟೆಯ ಕಥೆ'. ರಾಜ್ ಬಿ. ಶೆಟ್ಟಿಯವರೇ ಅದರ ನಿರ್ದೇಶಕರು, ಅವರೇ ನಾಯಕರು. ನಾಯಕ ಜನಾರ್ದನನು ಮಂಗಳೂರಿನಲ್ಲಿ ಕನ್ನಡ ಅಧ್ಯಾಪಕ, ನನ್ನ ವೃತ್ತಿಬಾಂಧವ! ರಾಜಕುಮಾರರ ಪರಮಭಕ್ತ. ಅವನ ತಲೆಯ ಕೂದಲು ಉದುರಿದೆ, ಹೆಣ್ಣು ಒಲಿಯುತ್ತಿಲ್ಲ. ಒಂದು ವರ್ಷದೊಳಗೆ ಮದುವೆಯಾಗದಿದ್ದರೆ ಇವನು ಸಂನ್ಯಾಸಿಯಾಗುವನೆಂದು ಜೋಯಿಸರು ಬೇರೆ ಹೇಳಿಬಿಟ್ಟಿದ್ದಾರೆ. ಇಷ್ಟರಿಂದಲೇ ನಗಿಸಬಹುದಾಗಿತ್ತು. ಚಿತ್ರದ ಹೆಚ್ಚುಗಾರಿಕೆ ಇರುವುದು ಇದರಾಚೆ. ಬೋಳುತಲೆಯೆಂದು ತನ್ನನ್ನು ತಳ್ಳಿದವರ ಮೇಲೆ ಮುನಿಯುವ ಈ ಮಹಾಶಯ, ಸ್ಥೂಲಕಾಯದ ಸರಳೆಯನ್ನು ಕಂಡಾಗ ತಾನೂ ಅದೇ ತಕ್ಕಡಿಯನ್ನು ಎತ್ತಿಕೊಳ್ಳುತ್ತಾನೆ. ಅದುವರೆಗೆ ಅವನ ಪರವಾಗಿ ಮರುಗುತ್ತಿದ್ದ ನಾವು ಒಮ್ಮೆಲೇ ಮುಜುಗರಪಡುತ್ತೇವೆ. ಈ ಕಥೆ ಕನ್ನಡಕ್ಕಷ್ಟೇ ನಿಲ್ಲದೆ 2019ರಲ್ಲಿ ಹಿಂದಿಗೂ ಮಲೆಯಾಳಕ್ಕೂ ಹೋಯಿತು.

ತೆರೆಯಿಂದ ಊರಿಗೆ

ಜನಾರ್ದನನ ಸಂಕಟಕ್ಕೆ ಕಾರಣ ಅವನ ತಲೆ. ತಲೆ ತುಂಬ ಕೂದಲಿದ್ದು, ಕೈಯಲ್ಲಿ ಬಲವಿದ್ದು, ಹೆಸರಿನಲ್ಲಿ ಜಮೀನಿದ್ದೂ ಅದೇ ಸಂಕಟದಲ್ಲಿ ಬಿದ್ದಿರುವ ಗಂಡುಗಳನ್ನು ಕಾಣಬೇಕಾದರೆ ಮಂಡ್ಯ ಜಿಲ್ಲೆಗೆ ಬರಬೇಕು. ಕನ್ನಂಬಾಡಿಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರ. ಹೇಮಾವತಿಯ ಮಗ್ಗುಲಿನ ಕೃಷ್ಣರಾಜಪೇಟೆ. ಬೆದ್ದಲೂ ರಾಗಿಯೂ ಹೆಚ್ಚಾಗಿರುವ ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಮಣ್ಣು ಬೇರೆ, ಬೆಳೆ ಬೇರೆ. ಹೆಣ್ಣು ಕೇಳಲು ಹೋದಲ್ಲಿ ನಡೆಯುವ ಸಂಭಾಷಣೆ ಮಾತ್ರ ಒಂದೇ.

"ಹುಡುಗ ಏನ್ ಮಾಡ್ತವ್ನೆ?"

"ಬೇಸಾಯ. ನಾಕೆಕರೆ ಜಮೀನು, ಸ್ವಂತ ಮನೆ."

"ಬೆಂಗ್ಳೂರಲ್ಲಿ ಏನಾದ್ರೂ…?"

"ಇಲ್ಲ ಕಣಮ್ಮಾ, ಊರಲ್ಲೇ."

"ಆಯ್ತು, ಹೇಳಿ ಕಳುಸ್ತೀವಿ ಬುಡಿ."

ಹೇಳಿ ಕಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಕಾಫಿಯ ಲೋಟ ಬರಿದಾಗುತ್ತದೆ. ದಲ್ಲಾಳಿ ಮುಂದಿನ ಊರಿನ ಹೆಸರು ಹೇಳುತ್ತಾನೆ. ಮೂರು ತಿಂಗಳು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡು, ತಾಳಿ ಕಟ್ಟಿದ ಮೇಲೆ ಗದ್ದೆಗೆ ಇಳಿದರಾಯಿತು ಎಂದು ಅರಳಿಕಟ್ಟೆಯ ಹಾಸ್ಯಗಾರರು ಉಪದೇಶಿಸುವುದೂ ಉಂಟು.

ಈ ಸಂಗತಿ ಲೋಕದ ಕಣ್ಣಿಗೆ ಬಿದ್ದದ್ದು 2022ರ ನವೆಂಬರಿನಲ್ಲಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ವಧೂವರರ ಸಮಾವೇಶ ಏರ್ಪಟ್ಟಿತ್ತು. ಪತ್ರಿಕೆಗಳು ವರದಿ ಮಾಡಿದಂತೆ ಕನ್ಯೆಯರು ಸುಮಾರು 250. ವರರು 10,000ಕ್ಕೂ ಹೆಚ್ಚು. ಒಬ್ಬ ಕನ್ಯೆಗೆ 40 ವರರಂತೆ ಹಂಚಿದರೂ ಗಂಡುಗಳು ಮಿಕ್ಕುತ್ತಾರೆ! ಪುರಾಣದ ಸ್ವಯಂವರಗಳಲ್ಲಿ ಸಹ ಇಷ್ಟು ನೂಕುನುಗ್ಗಲು ಇದ್ದಂತಿಲ್ಲ. ಸಂನ್ಯಾಸಿಗಳ ಬೆಟ್ಟದ ಅಂಗಳದಲ್ಲಿ ಸಂಸಾರವನ್ನು ಬಯಸಿ ಸಾವಿರಾರು ಯುವಕರು ಸಾಲುಗಟ್ಟಿದ ಆ ನೋಟವನ್ನು ಯಾವ ಚಿತ್ರಕಥೆಗಾರನೂ ಕಲ್ಪಿಸಿ ಬರೆಯಲಾರ; ಬರೆದರೆ ಅತಿಶಯೋಕ್ತಿಯೆಂದು ನಿರ್ಮಾಪಕನು ಹೊಡೆದುಹಾಕಿಯಾನು.

ಮೂರು ತಿಂಗಳ ತರುವಾಯ, 2023ರ ಫೆಬ್ರವರಿಯಲ್ಲಿ, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತರ ಗುಂಪೊಂದು ಹೆಣ್ಣಿಗಾಗಿ ಹರಕೆ ಹೊತ್ತು ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಹೊರಟಿತು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಮಾದಪ್ಪನಾದರೋ ಸಂಸಾರ ಕಟ್ಟಿಕೊಳ್ಳದ ಜೋಗಿ. ಆದರೆ ಜನಪದ ಕಾವ್ಯದಲ್ಲಿ ಸಂಕಮ್ಮನಿಗೆ ಮಕ್ಕಳ ಭಾಗ್ಯ ಕರುಣಿಸಿದವನೂ ಅವನೇ. ಆದ್ದರಿಂದ ಹುಡುಗರು ಅವನ ಬಾಗಿಲಿಗೆ ಹೋದದ್ದರಲ್ಲಿ ತಪ್ಪೇನಿಲ್ಲ. ಅದೇ ವರ್ಷದ ವಿಧಾನಸಭಾ ಚುನಾವಣೆಯ ಕಾಲದಲ್ಲಿ, ರೈತರ ಮಕ್ಕಳನ್ನು ವರಿಸುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡುವ ಮಾತನ್ನು ಎಚ್.ಡಿ. ಕುಮಾರಸ್ವಾಮಿಯವರು ಆಡಿದರು. ಇಗ್ಗಪ್ಪ ಹೆಗಡೆ ಹಣವನ್ನು ಕನ್ಯೆಯ ತಂದೆಗೆ ತೆರಬೇಕಾಗಿತ್ತು; ಇಲ್ಲಿ ಅದನ್ನು ಸರಕಾರವೇ ಕನ್ಯೆಗೆ ಕೊಡಬೇಕೆಂಬ ಆಲೋಚನೆ. 136 ವರ್ಷಗಳಲ್ಲಿ ಆದ ಪ್ರಗತಿಯನ್ನು ವಾಚಕರೇ ಅಳೆಯಬಹುದು.

ಅಸ್ತಿತ್ವದ ಪ್ರಶ್ನೆ

ನಮ್ಮ ನವ್ಯಸಾಹಿತ್ಯದಲ್ಲಿ 'ಅಸ್ತಿತ್ವವಾದ' ಎಂಬ ಮಾತು ಬಹಳ ಕೇಳಿಬಂತು. ಆ ಚಿಂತನೆಯ ಮೂಲಪುರುಷನೆನಿಸಿದ ಡೆನ್ಮಾರ್ಕಿನ ಕೀರ್ಕೆಗಾರ್ಡನು 1841ರಲ್ಲಿ, ತನ್ನನ್ನು ಒಪ್ಪಿದ ಕನ್ಯೆ ರೆಗೀನಳೊಡನೆ ಆಗಿದ್ದ ನಿಶ್ಚಿತಾರ್ಥವನ್ನು ತಾನೇ ಮುರಿದುಕೊಂಡ. ಬದುಕಿನ ಅರ್ಥವನ್ನು ಕುರಿತ ತಳಮಳ ಅವನನ್ನು ಮದುವೆಯಿಂದ ಹಿಂದೆಳೆಯಿತು. ನಮ್ಮ ನಾಗಮಂಗಲದ ಹುಡುಗನ ಸ್ಥಿತಿ ಇದಕ್ಕೆ ತಿರುಗುಮುರುಗು. ಅವನಿಗೆ ಯಾವ ತತ್ತ್ವಜಿಜ್ಞಾಸೆಯೂ ಬೇಕಾಗಿರಲಿಲ್ಲ; ಹೆಣ್ಣು ಬೇಕಾಗಿತ್ತು. ಹತ್ತು ಮನೆಯಲ್ಲಿ 'ಹೇಳಿ ಕಳುಸ್ತೀವಿ' ಕೇಳಿದ ಮೇಲೆ ಜಿಜ್ಞಾಸೆ ತಾನಾಗಿ ಹುಟ್ಟಿತು. ಅಪ್ಪ ಮಾಡಿದ ಬೇಸಾಯವನ್ನು ನಾನು ಮಾಡುತ್ತಿದ್ದೇನೆ. ಅಪ್ಪನಿಗೆ ಅದು ಮಾನ ತಂದಿತು, ನನಗೇಕೆ ಅವಮಾನ? ಅನ್ನ ಬೆಳೆಯುವವನಿಗೆ ಹೆಣ್ಣು ಕೊಡುವುದಿಲ್ಲವೆಂದರೆ ಬೆಳೆದ ಅನ್ನಕ್ಕೆ ಏನರ್ಥ? ಮೂವತ್ತೈದು ದಾಟಿದವನು ಊರ ಮದುವೆಗಳಲ್ಲಿ ಚಪ್ಪರ ಹಾಕುತ್ತ, ಎಲೆ ಹಾಸುತ್ತ, ಹಸೆಮಣೆಯ ಕಡೆ ನೋಡದೆ ಓಡಾಡುವುದನ್ನು ಕಂಡವರಿಗೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ.

ಹಾಗೆಂದು ಒಲ್ಲೆನೆಂದ ಹುಡುಗಿಯನ್ನು ದೂರಲಾದೀತೆ? ಅವಳ ಉತ್ತರಕ್ಕೆ ಕಾರಣ ಅವಳ ತಾಯಿಯ ಕೈಗಳಲ್ಲಿದೆ. ಕೊಟ್ಟಿಗೆಯ ಸಗಣಿ, ಗದ್ದೆಯ ನಾಟಿ, ಕಳೆ, ಮನೆಯ ಒಲೆ: ಎಲ್ಲವನ್ನೂ ನಿಭಾಯಿಸಿದ ಆ ತಾಯಿಯ ಹೆಸರಿನಲ್ಲಿ ಪಹಣಿ ಇರುವುದು ಅಪರೂಪ. 'ನನ್ನ ಪಾಡು ನನ್ನ ಮಗಳಿಗೆ ಬೇಡ' ಎಂದು ಅವಳೇ ಮಗಳನ್ನು ಕಾಲೇಜಿಗೆ ಕಳಿಸಿದಳು. ಓದಿದ ಮಗಳು ತಿಂಗಳ ಸಂಬಳದ ಬದುಕನ್ನು ಬಯಸಿದರೆ ಅದು ಸೊಕ್ಕಲ್ಲ, ವಿವೇಕ.

ಆ ಬೇಸಾಯದ ಮನೆಗಳ ಒಳಗನ್ನು ಬೆಳ್ಳಿತೆರೆಯ ಮೇಲೆ ನಿರ್ದಾಕ್ಷಿಣ್ಯವಾಗಿ ತೋರಿಸಿದ ಚಿತ್ರ 'ತಿಥಿ'. ರಾಮ್ ರೆಡ್ಡಿಯವರ ನಿರ್ದೇಶನ, ಈರೇಗೌಡರ ಬರವಣಿಗೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತ ಊರವರನ್ನೇ ಪಾತ್ರಧಾರಿಗಳನ್ನಾಗಿಸಿ ಮಾಡಿದ ಚಿತ್ರವಿದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದು, 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. 101 ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಮಗ ಗಡ್ಡಪ್ಪ ಏನೂ ಬೇಡವೆಂದು ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣ ಐದು ಎಕರೆ ಜಮೀನು ಮಾರುವ ಅವಸರದಲ್ಲಿ, ಬದುಕಿರುವ ತಂದೆಯನ್ನು ಕಾಗದದ ಮೇಲೆ ಸಾಯಿಸುತ್ತಾನೆ. ಮರಿಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ ಬಿದ್ದಿದ್ದಾನೆ. ಅದರಲ್ಲಿ ಮದುವೆಯ ಮಾತಿಲ್ಲ, ನಿಜ. ಆದರೆ ನೆಲ ಮಾರಿ ಕೈತೊಳೆದುಕೊಳ್ಳಲು ಒಕ್ಕಲು ಮಕ್ಕಳೇ ಕಾತರಿಸುವಾಗ, ಆ ನೆಲವನ್ನು ನಂಬಿ ಮಗಳನ್ನು ಕೊಡು ಎಂದು ಹೆತ್ತವರಿಗೆ ಹೇಳುವ ಧೈರ್ಯ ಯಾರಿಗಿದೆ?

ಇಲ್ಲದ ಕನ್ಯೆಯರು

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರಿಯ ಹಾಸ್ಯವೆನ್ನಬಹುದಾಗಿತ್ತು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ 1,000 ಗಂಡಸರಿಗೆ 995 ಹೆಂಗಸರು ಇದ್ದರು. ಲೆಕ್ಕ ಸರಿಯಿದೆಯಲ್ಲವೇ ಎನ್ನಿಸಬಹುದು. ಹೆಚ್ಚು ಕಾಲ ಬಾಳಿದ ಅಜ್ಜಿಯರೂ ಈ ಲೆಕ್ಕದಲ್ಲಿದ್ದಾರೆ. ಹುಟ್ಟಲಾರದೆ ಹೋದ ಮೊಮ್ಮಕ್ಕಳು ಇಲ್ಲ. ಗರ್ಭಸ್ಥ ಶಿಶುವಿನ ಲಿಂಗ ಪತ್ತೆಯನ್ನು ಕಾನೂನು 1994ರಲ್ಲೇ ನಿಷೇಧಿಸಿತು. ಆದರೆ 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಜಾಲವೊಂದರ ಸ್ಕ್ಯಾನಿಂಗ್ ತಾಣ ಮಂಡ್ಯದ ಸಮೀಪದ ಒಂದು ಆಲೆಮನೆಯಾಗಿತ್ತು. ಬೆಲ್ಲದ ಅಚ್ಚುಗಳ ನಡುವೆ ಹೆಣ್ಣು ಭ್ರೂಣವನ್ನು ಗುರುತಿಸಿ ತೆಗೆಸುತ್ತಿದ್ದರೆಂಬುದು ಆರೋಪ. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂತಹ ಪ್ರಕರಣ ಬೆಳಕಿಗೆ ಬಂತು. ಒಂದು ಕೈಯಿಂದ ಹೆಣ್ಣನ್ನು ಅಳಿಸಿ, ಇನ್ನೊಂದು ಕೈಯಿಂದ ಹೆಣ್ಣಿಗಾಗಿ ಹರಕೆ ಕಟ್ಟುವ ಸಮಾಜವನ್ನು ಕಂಡು ಮಾದಪ್ಪನಾದರೂ ಏನು ವರ ಕೊಟ್ಟಾನು? ಇಲ್ಲಿ ವಿಷಾದಹಾಸ್ಯದಿಂದ ಹಾಸ್ಯ ಉದುರಿಹೋಗುತ್ತದೆ.

ಇದೇ ಸೀಮೆಯ ಸಾಹಿತ್ಯದ ನೆನಪು ಇದನ್ನು ಇನ್ನಷ್ಟು ಕಹಿಯಾಗಿಸುತ್ತದೆ. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮ, 'ಹದಿಬದೆಯ ಧರ್ಮ'ದಲ್ಲಿ ಹೆಣ್ಣೆಂದು ಹೀಗಳೆಯುವವರ ಕುರುಡನ್ನು ಮೂರು ಶತಮಾನಗಳ ಹಿಂದೆಯೇ ಎತ್ತಿ ತೋರಿಸಿದಳು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರ 'ಮೈಸೂರು ಮಲ್ಲಿಗೆ'ಯಲ್ಲಿ ಬಡತನದಲ್ಲೂ ನಗುವ ದಾಂಪತ್ಯವನ್ನು ಹಾಡಿ ಮನೆಮನೆಗೂ ಹಂಚಿದರು. ಒಲಿದ ಹೆಣ್ಣಿನ ಗೌರವ ಬಲ್ಲ ಕವಿಯನ್ನು ಕೊಟ್ಟ ತಾಲ್ಲೂಕಿನಲ್ಲೂ ಹುಡುಗರು ದಲ್ಲಾಳಿಯ ಬೆನ್ನು ಹತ್ತಿದ್ದಾರೆ.

'ಒಂದು ಮೊಟ್ಟೆಯ ಕಥೆ'ಯ ಪಾಠ ಇಲ್ಲಿಗೂ ಸಲ್ಲುತ್ತದೆ. ತನ್ನನ್ನು ತೂಗಿದವರ ಮೇಲೆ ಕೋಪಿಸಿಕೊಳ್ಳುವ ಮೊದಲು, ನಾವು ಹೆಣ್ಣನ್ನು ತೂಗಿದ ತಕ್ಕಡಿಯನ್ನು ನೋಡಬೇಕು. ಸೊಸೆಗೆ ಪಹಣಿಯಲ್ಲಿ ಹೆಸರು, ಕೊಟ್ಟಿಗೆಯ ಕೆಲಸದಲ್ಲಿ ಗಂಡನ ಪಾಲು, ಓದಿದವಳಿಗೆ ಉದ್ಯೋಗಕ್ಕೆ ಹೋಗುವ ಸ್ವಾತಂತ್ರ್ಯ: ಹರಕೆಗಿಂತ ಇವು ಹೆಚ್ಚು ಫಲ ಕೊಟ್ಟಾವು. ನಗರದ ವಾಚಕರು ಇದು ಹಳ್ಳಿಯವರ ಸಂಗತಿಯೆಂದು ಪುಟ ಮಗುಚಬಾರದು. ಮನೆಯಲ್ಲಿ ಮಗಳ ಮದುವೆಯ ಮಾತು ಬಂದಾಗ 'ಹುಡುಗನಿಗೆ ಸಂಬಳ ಎಷ್ಟು?' ಎಂದು ಮೊದಲು ಕೇಳುವವರು ನಾವೂ ಹೌದು. ಅದಕ್ಕೆ ಮೊದಲು 'ನಿನಗೆ ಎಂತಹ ಬಾಳು ಬೇಕಮ್ಮಾ?' ಎಂದು ಮಗಳನ್ನೇ ಕೇಳುವ ಪದ್ಧತಿ ನಮ್ಮ ಮನೆಗಳಿಂದ ಆರಂಭವಾಗಲಿ.