ಯುರೇನಿಯಂ ಗುರುತು ಹಿಡಿಯುವ ಹರಳುಗಳು

ಮೈಸೂರಿನ ಅಗ್ರಹಾರದ ಹಳೆಯ ಮನೆಯೊಂದರ ಕಲ್ಲಿನ ಜಗಲಿಯ ಮೇಲೆ ವಿಕಿರಣ ಅಳೆಯುವ ಉಪಕರಣವನ್ನಿಟ್ಟರೆ ಅದು ಸುಮ್ಮನಿರುವುದಿಲ್ಲ. ಗ್ರಾನೈಟ್ ಶಿಲೆ ರೂಪುಗೊಂಡ ಕಾಲದಿಂದಲೇ ಅದರಲ್ಲಿ ಪೊಟ್ಯಾಸಿಯಂ-40, ಥೋರಿಯಂ ಮತ್ತು ಯುರೇನಿಯಂ ಅಲ್ಪ ಪ್ರಮಾಣದಲ್ಲಿ ಬೆರೆತಿರುವುದರಿಂದ ಅಂಥ ಕಲ್ಲು ಸದಾ ಗಾಮಾ ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಇದರಲ್ಲಿ ಅಂಜುವಂಥದ್ದೇನೂ ಇಲ್ಲ. ಆದರೆ ಇದೇ ನಗರದ ಹೊರಗೆ, ಇಲವಾಲದ ಸಮೀಪದ ರತ್ನಹಳ್ಳಿಯಲ್ಲಿ, ನಿಸರ್ಗದ ಯುರೇನಿಯಂನಲ್ಲಿ ಕೇವಲ ಶೇ 0.7ರಷ್ಟಿರುವ ಯುರೇನಿಯಂ-235ರ ಪಾಲನ್ನು ಹೆಚ್ಚಿಸುವ, ಅಂದರೆ ಪುಷ್ಟೀಕರಣ ನಡೆಸುವ, ಪರಮಾಣು ಇಂಧನ ಇಲಾಖೆಯ ಸ್ಥಾವರವಿದೆ. ಮನೆಯ ಕಲ್ಲಿನಿಂದ ಬಂದ ಕಿರಣ ಯಾವುದು, ಪುಷ್ಟೀಕರಿಸಿದ ಯುರೇನಿಯಂನಿಂದ ಬಂದ ಕಿರಣ ಯಾವುದು ಎಂಬುದನ್ನು ಬೇರ್ಪಡಿಸಿ ಹೇಳುವುದೇ ಪರಮಾಣು ವಸ್ತುಗಳ ಕಾವಲಿನ ಮುಖ್ಯ ಸಮಸ್ಯೆ.

ಈ ಸಮಸ್ಯೆ ಮೇಲುನೋಟಕ್ಕೆ ಕಾಣುವುದಕ್ಕಿಂತ ಕಠಿಣವಾದುದು. ಗಾಮಾ ಸೂಸುವ ಪ್ರತಿಯೊಂದು ವಿಕಿರಣಶೀಲ ಐಸೋಟೋಪೂ ತನ್ನದೇ ನಿರ್ದಿಷ್ಟ ಶಕ್ತಿಯ ಕಿರಣಗಳನ್ನು ಹೊರಬಿಡುತ್ತದೆ: ಪೊಟ್ಯಾಸಿಯಂ-40ರದು 1461 ಕಿಲೋ ಎಲೆಕ್ಟ್ರಾನ್ ವೋಲ್ಟ್, ಸೀಸಿಯಂ-137ರದು 662, ಯುರೇನಿಯಂ-235ರ ಪ್ರಬಲ ಕಿರಣದ್ದು 185.7. ಗ್ರಾನೈಟಿನಲ್ಲಿರುವ ರೇಡಿಯಂ-226 ಸೂಸುವ ಕಿರಣದ ಶಕ್ತಿ 186.2. ಇವೆರಡರ ಅಂತರ ಅರ್ಧ ಕಿಲೋ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಆದ್ದರಿಂದ ಪರೀಕ್ಷಕರು ಈ ಒಂದು ರೇಖೆಯನ್ನೇ ನಂಬದೆ, ಯುರೇನಿಯಂ-235ರದೇ ಆದ 143.8ರ ದುರ್ಬಲ ರೇಖೆ ಜೊತೆಗಿದೆಯೇ, ಅಥವಾ ರೇಡಿಯಂನ ಸಂತತಿಯಾದ ಬಿಸ್ಮತ್-214ರ 609ರ ರೇಖೆ ಕಾಣುತ್ತಿದೆಯೇ ಎಂದು ಹುಡುಕಬೇಕಾಗುತ್ತದೆ. ಅಷ್ಟು ಸೂಕ್ಷ್ಮವಾಗಿ ಶಕ್ತಿಯನ್ನು ಅಳೆಯುವ ಸಾಮರ್ಥ್ಯ ನಿಂತಿರುವುದು ಉಪಕರಣದೊಳಗಿನ ಹರಳಿನ ಮೇಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರು 1940ರ ದಶಕದಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೆ ಬಳಸಿದ ಗೈಗರ್ ಎಣಿಕೆಯಂತ್ರಗಳು ಕಣ ಬಂದದ್ದನ್ನು ತಿಳಿಸುತ್ತಿದ್ದವೇ ಹೊರತು ಅದರ ಶಕ್ತಿಯನ್ನಲ್ಲ. 1948ರಲ್ಲಿ ರಾಬರ್ಟ್ ಹಾಫ್‌ಸ್ಟ್ಯಾಟರ್ ಕಂಡುಕೊಂಡ, ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳು ಗಾಮಾ ಕಿರಣ ಬಡಿದಾಗ ಬೆಳಕಾಗಿ ಮಿನುಗುತ್ತದೆ. ಆ ಮಿನುಗಿನ ಪ್ರಮಾಣದಿಂದ ಕಿರಣದ ಶಕ್ತಿಯನ್ನು ತಿಳಿಯಬಹುದು. ಅಗ್ಗವೂ ದೊಡ್ಡದೂ ಆದ ಈ ಹರಳು ಇಂದಿಗೂ ಬಳಕೆಯಲ್ಲಿದೆಯಾದರೂ 662ರ ರೇಖೆಯನ್ನು ಅದು ಸುಮಾರು ಶೇ 7ರಷ್ಟು ಅಗಲವಾಗಿ ಹರಡಿಬಿಡುತ್ತದೆ. ಅತಿಶುದ್ಧ ಜರ್ಮೇನಿಯಂ ಅದೇ ರೇಖೆಯನ್ನು ಶೇ 0.2ರಷ್ಟು ಕಿರಿದಾಗಿ ತೋರಿಸುತ್ತದೆ. ಆದರೆ ಅದನ್ನು ದ್ರವ ಸಾರಜನಕದಿಂದಲೋ ಯಂತ್ರದಿಂದಲೋ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ತಂಪಾಗಿಸಬೇಕು. ರಸ್ತೆಯಲ್ಲೋ ಬಂದರಿನಲ್ಲೋ ನಿಂತು ಲಾರಿಗಳನ್ನು ತಪಾಸಣೆ ಮಾಡುವವರಿಗೆ ಅದು ಭಾರ.

ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಅರೆವಾಹಕ ಹರಳಿಗಾಗಿ ದಶಕಗಳಿಂದ ಹುಡುಕಾಟ ನಡೆದಿರುವುದು ಈ ಕಾರಣಕ್ಕಾಗಿಯೇ. ಕ್ಯಾಡ್ಮಿಯಂ, ಸತು, ಟೆಲ್ಯೂರಿಯಂಗಳ ಸಂಯುಕ್ತ ಇವುಗಳಲ್ಲಿ ಮುಂದಿದೆ. ಆದರೆ ಕರಗಿದ ದ್ರವದಿಂದ ಬಹಳ ನಿಧಾನವಾಗಿ ಬೆಳೆಸುವಾಗ ಟೆಲ್ಯೂರಿಯಂನ ಸೂಕ್ಷ್ಮ ಕಣಗಳು ಒಳಗೆ ಸಿಕ್ಕಿಕೊಂಡು ವಿದ್ಯುದಾವೇಶವನ್ನು ಹಿಡಿದಿಡುವುದರಿಂದ ದೊಡ್ಡ, ನಿರ್ದೋಷ ತುಂಡುಗಳು ದುರ್ಲಭವೂ ದುಬಾರಿಯೂ ಆಗಿವೆ. ಸೀಸಿಯಂ, ಸೀಸ, ಬ್ರೋಮಿನ್‌ಗಳ ಪೆರೋವ್‌ಸ್ಕೈಟ್ ಹರಳಿನಿಂದ ಅದೇ 662ರ ರೇಖೆಯಲ್ಲಿ ಶೇ 1.4ರ ಸೂಕ್ಷ್ಮತೆಯನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಸಾಧಿಸಿದ್ದು ಈ ಹಾದಿಯ ಮಹತ್ವದ ಹೆಜ್ಜೆ.

ಯಾವ ಹರಳೂ ಎಲ್ಲವನ್ನೂ ಕಾಣಲಾರದು ಎಂಬುದಕ್ಕೆ ಕೈಗಾದ ಘಟನೆಯೇ ಸಾಕ್ಷಿ. 2009ರ ನವೆಂಬರ್‌ನಲ್ಲಿ ಅಲ್ಲಿನ ಅಣು ವಿದ್ಯುತ್ ಸ್ಥಾವರದ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿ, 50ಕ್ಕೂ ಹೆಚ್ಚು ಉದ್ಯೋಗಿಗಳ ದೇಹಕ್ಕೆ ಹೋಯಿತು. ಟ್ರಿಟಿಯಂ ಗಾಮಾ ಕಿರಣವನ್ನು ಸೂಸುವುದೇ ಇಲ್ಲ. ಅದರ ಬೀಟಾ ಕಣಗಳು ಚರ್ಮವನ್ನೂ ದಾಟಲಾರದಷ್ಟು ದುರ್ಬಲ. ಹಾಗಾಗಿ ವಿಷಯ ಬಯಲಾದದ್ದು ನಿಯಮಿತ ಮೂತ್ರ ಪರೀಕ್ಷೆಯಿಂದ. ಅದೇ ರೀತಿ, ಸೀಸದ ಪೆಟ್ಟಿಗೆ ಗಾಮಾ ಕಿರಣವನ್ನು ಮರೆಮಾಚಬಹುದಾದರೂ ಪ್ಲುಟೋನಿಯಂನ ನ್ಯೂಟ್ರಾನ್‌ಗಳನ್ನು ಅಷ್ಟು ಸುಲಭವಾಗಿ ತಡೆಯಲಾರದು. ಅವುಗಳನ್ನು ಹಿಡಿಯುವ ಹೀಲಿಯಂ-3 ಅನಿಲದ ಅಭಾವ 2008ರ ಸುಮಾರಿಗೆ ತೀವ್ರವಾದ ಮೇಲೆ ಬೋರಾನ್-10, ಲಿಥಿಯಂ-6 ಆಧಾರಿತ ವಸ್ತುಗಳಿಗೆ ಬೇಡಿಕೆ ಬಂದಿದೆ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ದಾಖಲೆಯಲ್ಲಿ 1993ರಿಂದೀಚೆಗೆ ಅಕ್ರಮ ಸಾಗಣೆ, ಕಳವು, ಕಾಣೆಯಾದಂಥ 4,000ಕ್ಕೂ ಹೆಚ್ಚು ಪ್ರಕರಣಗಳಿವೆ. 2010ರಲ್ಲಿ ದಿಲ್ಲಿಯ ಮಾಯಾಪುರಿಯ ಗುಜರಿ ಅಂಗಡಿಗೆ ಕೋಬಾಲ್ಟ್-60 ಸೇರಿ ಒಬ್ಬರು ಮೃತಪಟ್ಟದ್ದನ್ನು ನೆನೆದರೆ ಈ ಕಾವಲು ಗಡಿಗಳಲ್ಲಷ್ಟೇ ಅಲ್ಲ, ಗುಜರಿ ಮಾರುಕಟ್ಟೆಗಳಲ್ಲೂ ಬೇಕೆಂಬುದು ಸ್ಪಷ್ಟವಾಗುತ್ತದೆ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇಂಥ ಕಾವಲಿಗೆ ನೆರವಾಗುವ, ಗ್ಯಾಡೊಲಿನಿಯಂ ಆಧಾರಿತ ಗಾರ್ನೆಟ್ ಹರಳುಗಳನ್ನು ಸ್ವತಃ ಬೆಳೆಸಿದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರೊ. ಕೆ. ಬೈರಪ್ಪ ಅವರು ಬಿಸಿನೀರು ಮತ್ತು ಒತ್ತಡದಿಂದ ಹರಳು ಬೆಳೆಸುವ ವಿದ್ಯೆಯನ್ನು ಜಗತ್ತು ಗುರುತಿಸುವ ಮಟ್ಟಕ್ಕೆ ಒಯ್ದರು; ವಿಧಾನ ಬೇರೆಯಾದರೂ ಹರಳಿನ ದೋಷಗಳನ್ನು ಓದಬಲ್ಲ ಆ ಪರಿಣತಿ ಇಲ್ಲಿಯೂ ಬೇಕಾದದ್ದೇ. ಅದನ್ನು ಶೋಧಕ ಹರಳುಗಳತ್ತ ತಿರುಗಿಸಲು ರಾಜ್ಯದ ವಿಶ್ವವಿದ್ಯಾಲಯಗಳಿಗೆ ಕುಲುಮೆ, ಅತಿಶುದ್ಧ ಕಚ್ಚಾವಸ್ತು ಮತ್ತು ವರ್ಷಗಟ್ಟಲೆ ನಿಲ್ಲದ ಅನುದಾನವನ್ನು ಸರ್ಕಾರಗಳು ಒದಗಿಸಬೇಕು.