ಬೆರಳ ತುದಿಯ ಗೋಸುಂಬೆ: ಮರಿಯೋ, ಬೆಳೆದದ್ದೋ?

ಅಳತೆಪಟ್ಟಿಯ ಮೇಲೆ 13.5 ಮಿಲಿಮೀಟರ್ ಗುರುತಿಸಿ ನೋಡಿ. ಮೂತಿಯ ತುದಿಯಿಂದ ಬಾಲದ ಬುಡದವರೆಗೆ ಅಷ್ಟೇ ಉದ್ದವಿದ್ದ ಒಂದು ಗಂಡು ಗೋಸುಂಬೆ 2012ರಲ್ಲಿ ಉತ್ತರ ಮಡಗಾಸ್ಕರಿನ ಸೊರಾಟ ಪರ್ವತದಲ್ಲಿ ದೊರೆಯಿತು. ಅದು ಸುಮಾರು 1300 ಮೀಟರ್ ಎತ್ತರದ, ಸದಾ ತೇವದ ಮಳೆಕಾಡು. ಬಾಲ ಸೇರಿಸಿದರೂ ಪ್ರಾಣಿಯ ಉದ್ದ 21.6 ಮಿಮೀ. ಜೊತೆಗೆ ಸಿಕ್ಕ ಹೆಣ್ಣು ತುಸು ದೊಡ್ಡದು, ಬಾಲ ಬಿಟ್ಟು 19.2 ಮಿಮೀ. ನಮ್ಮ ಬಯಲುಸೀಮೆಯ ಗೋಸುಂಬೆ ಬೆಳೆದರೆ ಒಂದು ಅಡಿ ಮೀರುತ್ತದೆಂಬುದನ್ನು ನೆನೆದರೆ ಈ ಅಳತೆಯ ಅರ್ಥವಾದೀತು.

ಈ ಎರಡೇ ಪ್ರಾಣಿಗಳನ್ನು ಆಧರಿಸಿ ಫ್ರಾಂಕ್ ಗ್ಲಾ ಮತ್ತು ಸಂಗಡಿಗರು 2021ರ ಜನವರಿಯಲ್ಲಿ 'ಬ್ರೂಕೇಸಿಯ ನಾನ' ಎಂಬ ಹೊಸ ಪ್ರಭೇದವನ್ನು ವರ್ಣಿಸಿದರು. 'ನಾನ' ಎಂದರೆ ಲ್ಯಾಟಿನ್ನಿನಲ್ಲಿ ಕುಬ್ಜ. ನ್ಯಾನೋಮೀಟರಿನ 'ನ್ಯಾನೋ'ಗೂ ಮೂಲ ಇದೇ.

ಇದು ಯಾವುದೋ ಪರಿಚಿತ ಪ್ರಭೇದದ ಮರಿ ಏಕಾಗಿರಬಾರದು? ಈ ಪ್ರಶ್ನೆ ನಿಮಗೂ ಹೊಳೆದಿರಬೇಕು. ಹಲ್ಲಿಯ ಬಳಗದಲ್ಲಿ ಮರಿ ಮೊಟ್ಟೆಯೊಡೆದು ಬರುವಾಗಲೇ ದೊಡ್ಡದರ ಪಡಿಯಚ್ಚಿನಂತಿರುತ್ತದೆ. ಆದ್ದರಿಂದ ಗಾತ್ರ ಚಿಕ್ಕದೆಂದು ತೋರಿಸಿದರೆ ಸಾಲದು, ಬೆಳವಣಿಗೆ ಮುಗಿದಿದೆ ಎಂಬುದಕ್ಕೆ ಪುರಾವೆ ಬೇಕು. ಗಂಡಿನ ಜೋಡಿ ಜನನಾಂಗಗಳು ಪೂರ್ಣ ಬೆಳೆದಿದ್ದವು. ಅವುಗಳ ಉದ್ದ ದೇಹದ ಉದ್ದದ ಶೇ. 18.5ರಷ್ಟು. ಗಂಡಿಗಿಂತ ಹೆಣ್ಣು ದೊಡ್ಡದಾಗಿರುವುದರಿಂದ, ಮೈ ಕುಗ್ಗಿದರೂ ಈ ಅಂಗ ಅದೇ ಪ್ರಮಾಣದಲ್ಲಿ ಕುಗ್ಗುವಂತಿಲ್ಲ ಎಂಬುದು ಸಂಶೋಧಕರ ಊಹೆ.

ಹೆಣ್ಣಿನ ವಿಷಯದಲ್ಲಿ ಪುರಾವೆ ಒದಗಿಸಿದ್ದು ಭೌತವಿಜ್ಞಾನ. ಇರುವ ಒಂದೇ ಹೆಣ್ಣನ್ನು ಸೀಳಿ ನೋಡುವುದು ಜಾಣತನವಲ್ಲ. ಆಸ್ಪತ್ರೆಯ ಸಿಟಿ ಯಂತ್ರಕ್ಕೆ ಅರ್ಧ ಮಿಲಿಮೀಟರಿಗಿಂತ ಬಹಳ ಸೂಕ್ಷ್ಮವಾದ ವಿವರ ಎಟುಕದು. ಮೈಕ್ರೋ-ಸಿಟಿ ಯಂತ್ರಕ್ಕೆ ಮಿಲಿಮೀಟರಿನ ನೂರನೇ ಒಂದು ಭಾಗವೂ ಎಟುಕುತ್ತದೆ. ಆಸ್ಪತ್ರೆಯಲ್ಲಿ ಎಕ್ಸ್ ಕಿರಣದ ಆಕರ ರೋಗಿಯ ಸುತ್ತ ತಿರುಗುತ್ತದೆ. ಇಲ್ಲಿ ಸಾಮಾನ್ಯವಾಗಿ ಆಕರ ಸ್ಥಿರವಾಗಿದ್ದು, ಮಾದರಿಯೇ ಇಷ್ಟಿಷ್ಟೇ ತಿರುಗುತ್ತದೆ. ಕ್ಯಾಲ್ಸಿಯಮ್ಮಿನ ಪರಮಾಣು ಸಂಖ್ಯೆ ಹೆಚ್ಚಾದ್ದರಿಂದ ಮೂಳೆ ಹೆಚ್ಚು ಕಿರಣವನ್ನು ಹೀರುತ್ತದೆ, ಮೃದು ಅಂಗಾಂಶ ಕಡಿಮೆ. ನೂರಾರು ಕೋನಗಳ ನೆರಳುಗಳನ್ನು ಗಣಕಯಂತ್ರ ಜೋಡಿಸಿ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಹಾಗೆ ಕಟ್ಟಿದ ಚಿತ್ರದಲ್ಲಿ ಹೆಣ್ಣಿನ ಹೊಟ್ಟೆಯೊಳಗೆ ಎರಡು ಮೊಟ್ಟೆಗಳು ಕಂಡವು. ಮೊಟ್ಟೆ ಹೊತ್ತದ್ದು ಮರಿಯಲ್ಲ!

ಡಿಎನ್‌ಎ ಹೋಲಿಕೆ ಇನ್ನೊಂದು ಅಚ್ಚರಿಯನ್ನು ಹೊರಗೆಡಹಿತು. 2012ರಲ್ಲಿ ವರ್ಣಿತವಾದ 'ಬ್ರೂಕೇಸಿಯ ಮೈಕ್ರಾ' ಕೂಡ ಅತಿ ಪುಟ್ಟದು. ಮಡಗಾಸ್ಕರಿನ ಉತ್ತರ ತೀರದಾಚೆಯ ನೋಸಿ ಹಾರ ಎಂಬ ಕಿರುದ್ವೀಪದ್ದು. ಆದರೆ ನಾನದ ಹತ್ತಿರದ ನೆಂಟ ಮೈಕ್ರಾ ಅಲ್ಲ, ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾದ 'ಬ್ರೂಕೇಸಿಯ ಕಾರ್ಚೆಯಿ'. ಎಂದರೆ ಕುಬ್ಜತೆ ಈ ಕುಲದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮೂಡಿದೆ. ದ್ವೀಪಗಳಲ್ಲಿ ಪ್ರಾಣಿಗಳು ಕುಗ್ಗುತ್ತವೆ ಎಂಬ ವಿವರಣೆಯನ್ನು ಮೈಕ್ರಾಗೆ ಹೇಳುತ್ತಿದ್ದರು. ಬೆಟ್ಟದ ಮೇಲಿನ ನಾನಕ್ಕೆ ಅದು ಸಲೀಸಾಗಿ ಒಪ್ಪುವುದಿಲ್ಲ. ಇನ್ನು ಉದ್ದ ಅರ್ಧವಾದರೆ ಘನಗಾತ್ರ ಎಂಟನೇ ಒಂದಾಗುತ್ತದೆ, ಮೇಲ್ಮೈ ನಾಲ್ಕನೇ ಒಂದು ಮಾತ್ರ. ಗಾತ್ರಕ್ಕೆ ಹೋಲಿಸಿದರೆ ಮೈ ಒಣಗುವ ಅಪಾಯ ಇಮ್ಮಡಿ. ತೇವದ ಕಾಡು ಇಂಥ ಪ್ರಾಣಿಗೆ ಅನುಕೂಲವೆಂದು ನನಗೆ ತೋರುತ್ತದೆ. ಆದರೆ ಅನುಕೂಲ ಬೇರೆ, ಕಾರಣ ಬೇರೆ.

ಪತ್ರಿಕೆಗಳು ಇದನ್ನು 'ಜಗತ್ತಿನ ಅತಿ ಚಿಕ್ಕ ಸರೀಸೃಪ' ಎಂದು ಹೊಗಳಿದವು. ಅಳೆದದ್ದು ಒಂದೇ ಗಂಡು ಎಂಬುದನ್ನು ಮರೆಯಬಾರದು. ಒಂದೇ ಅಳತೆಗೆ ಸರಾಸರಿಯೂ ಇಲ್ಲ, ವಿಚಲನೆಯೂ ಇಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಹಾಗೆ ಬರೆದು ತಂದರೆ ನಾವು ಒಪ್ಪುತ್ತೇವೆಯೆ? ಹೆಸರಿಡಲು ಮಾತ್ರ ಒಂದು ಮಾದರಿ ಸಾಕು. ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯಂತೆ ಹೆಸರು ಒಂದು ನಿರ್ದಿಷ್ಟ ಮಾದರಿಗೆ ಅಂಟಿಕೊಂಡಿರುತ್ತದೆ. ಆ ಗಂಡು ಮಾದರಿ ಈಗ ಮ್ಯೂನಿಕ್ಕಿನ ಪ್ರಾಣಿಶಾಸ್ತ್ರ ಸಂಗ್ರಹದಲ್ಲಿದ್ದು, ಮುಂದೆ ಸಿಗುವವನ್ನೆಲ್ಲ ಅದರೊಡನೆ ಹೋಲಿಸಬೇಕು.

ಆ ಹೋಲಿಕೆಗೆ ಇನ್ನಷ್ಟು ಪ್ರಾಣಿಗಳು ಬೇಕು, ಅವಕ್ಕೆ ಕಾಡು ಬೇಕು. ಸೊರಾಟದ ಕಾಡು ಕಡಿತಕ್ಕೆ ಸಿಲುಕಿತ್ತು. ಪ್ರಭೇದದ ವರ್ಣನೆ ಪ್ರಕಟವಾಗುವ ಹೊತ್ತಿಗೆ ಆ ಪ್ರದೇಶ ಸಂರಕ್ಷಣೆಗೆ ಒಳಪಟ್ಟಿತ್ತು.